ಏಳೂವರೆ ಬಸ್ಸಿನ ಮೊಳೆ

ಬಸ್ ನಿಲ್ದಾಣದ ಪಕ್ಕ ನಿಲ್ಲಿಸಿರುವ ದೊಡ್ಡ ಬೋರ್ಡಿನಲ್ಲಿ ಜಿಪ್ಪಕ್ಕ ಇಕ್ಕಳವನ್ನು ಬಲಗೈಯಲ್ಲಿ ಹಿಡಿದು ನಗುತ್ತಿದ್ದಾಳೆ. ಅವಳದು ಎಡಗೈ ಕೆಲಸ. ಹತ್ತೊಂಬತ್ತು ವರ್ಷ ಈ ಬೀದಿಯ ಚೀಲಗಳ ಜಿಪ್ಪನ್ನೆಲ್ಲ ಎಡಗೈಯಲ್ಲೇ ಸರಿಮಾಡಿದವಳು. ಫೋಟೋ ತೆಗೆಯಲು ಬಂದವನು "ಆ ಕೈಗೆ ತಗೊಳ್ಳಮ್ಮಾ, ಬೆಳಕು ಆ ಕಡೆಯಿಂದ ಬರ್ತಿದೆ" ಅಂದ. ಬೆಳಕಿನ ಮರ್ಜಿಗೆ ಅವಳು ಕೈ ಬದಲಾಯಿಸಿದಳು. ಆ ಬೋರ್ಡು ಕಣ್ಣಿಗೆ ಬಿದ್ದಾಗೆಲ್ಲ ನನಗೆ ಮೈ ಉರಿಯುತ್ತದೆ. ಅರ್ಧ ಉರಿ ಅದನ್ನು ನಿಲ್ಲಿಸಿದವರ ಮೇಲೆ. ಉಳಿದರ್ಧ ನನ್ನ ಮೇಲೆಯೇ, ಯಾಕೆಂದರೆ ಅವಳನ್ನು ಆ ಜಾಗದಿಂದ ಎಬ್ಬಿಸಿದ ಅರ್ಜಿಯನ್ನು ಬರೆದವಳು ನಾನು.

ನಮ್ಮ ಮನೆ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ, ಎರಡನೇ ಮಹಡಿ. ಗಲ್ಲಿಯ ಬಾಯಲ್ಲಿ ಜನ ರಸ್ತೆ ದಾಟುವ ಕಬ್ಬಿಣದ ಮೇಲ್ಸೇತುವೆ ಇದೆ. ಅದರ ಮೆಟ್ಟಿಲು ನೆಲಕ್ಕಿಳಿಯುವ ಕಡೆ, ಕೆಳಗೆ ಮೂರು ಮೂಲೆಯ ಒಂದು ಸಂದು. ಎತ್ತರದ ತುದಿಯಲ್ಲಿ ಮನುಷ್ಯರು ನಿಲ್ಲಬಹುದು, ತಗ್ಗಿನ ತುದಿಯಲ್ಲಿ ಬೆಕ್ಕೂ ತಲೆ ಬಗ್ಗಿಸಬೇಕು. ಅದೇ ಜಿಪ್ಪಕ್ಕನ ಅಂಗಡಿ. ಒಂದು ತುಳಿಯುವ ಹೊಲಿಗೆ ಮೆಷಿನ್, ಒಂದು ಸ್ಟೂಲು, ಮೇಣ ಸವರಿದ ದಾರದ ಉಂಡೆ, ದಪ್ಪ ಬಟ್ಟೆ ಹೊಲಿಯುವ ದಬ್ಬಳ, ಒಂದು ಡಬ್ಬಿ ತುಂಬ ರನ್ನರುಗಳು. ರನ್ನರ್ ಅಂದರೆ ಜಿಪ್ಪಿನ ಹಲ್ಲುಗಳ ಮೇಲೆ ಹಿಂದೆ ಮುಂದೆ ಓಡಾಡುತ್ತದಲ್ಲ, ಆ ಪುಟ್ಟ ಲೋಹದ ತುಂಡು. "ಜಿಪ್ಪು ಹೋಯ್ತು ಅಂತ ಜನ ಚೀಲಾನೇ ಎಸೀತಾರೆ. ನೂರಕ್ಕೆ ತೊಂಬತ್ತು ಸಲ ಹೋಗಿರೋದು ಈ ಪಾಪದ್ದು ಮಾತ್ರ" ಎಂದು ಅವಳು ಅದನ್ನು ಅಂಗೈಯಲ್ಲಿಟ್ಟು ತೋರಿಸುತ್ತಿದ್ದಳು.

ಹಿಂದಿನ ಗೋಡೆಯಲ್ಲಿ ಇಪ್ಪತ್ತೆರಡು ಮೊಳೆ. ಒಂದೊಂದು ಬಸ್ಸಿಗೆ ಒಂದೊಂದು.

ಇದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಆ ಬೋರ್ಡು ನಿಲ್ಲಿಸಿದ ಯೋಜನೆಯ ಕಚೇರಿಯಲ್ಲಿ ಯಾರಿಗೂ ಇದು ಕೊನೆಯವರೆಗೂ ಅರ್ಥವಾಗಲಿಲ್ಲ. ಬೆಳಿಗ್ಗೆ ಕೆಲಸಕ್ಕೆ ಓಡುವವರಿಗೆ ನಿಂತು ರಿಪೇರಿ ಮಾಡಿಸಿಕೊಳ್ಳಲು ಪುರಸೊತ್ತು ಎಲ್ಲಿ? ಅವರು ಓಡುತ್ತಲೇ ಬರುತ್ತಾರೆ, ಚೀಲದಲ್ಲಿದ್ದ ಟಿಫಿನ್ ಡಬ್ಬಿ, ಬಾಚಣಿಗೆ, ಕಾಗದಗಳನ್ನೆಲ್ಲ ಜಿಪ್ಪಕ್ಕ ಕೊಡುವ ಒಂದು ಬಟ್ಟೆಯ ಚೀಲಕ್ಕೆ ಸುರಿದುಕೊಳ್ಳುತ್ತಾರೆ, ಕೆಟ್ಟದ್ದನ್ನು ಅವಳ ಮಡಿಲಿಗೆ ಎಸೆದು ಬಸ್ ಹತ್ತುತ್ತಾರೆ. ಅವಳು ಅದನ್ನು ಆ ಬಸ್ಸಿನ ಮೊಳೆಗೆ ನೇತುಹಾಕುತ್ತಾಳೆ. ಸಂಜೆ ಇಳಿದು ಬಂದವರು ಹೆಸರು ಹೇಳುವುದಿಲ್ಲ. "ಏಳೂವರೆ" ಅನ್ನುತ್ತಾರೆ, "ಎಂಟೂ ಹತ್ತು" ಅನ್ನುತ್ತಾರೆ. ಅವಳ ಕೈ ನೋಡದೆಯೇ ಆ ಮೊಳೆಗೆ ಹೋಗುತ್ತದೆ. ಚೀಟಿ ಇಲ್ಲ, ನಂಬರ್ ಇಲ್ಲ.

"ಯಾರಾದರೂ ಬೇರೆಯವರ ಚೀಲ ತಗೊಂಡು ಹೋದರೆ?" ಎಂದು ನಾನು ಮೊದಮೊದಲು ಕೇಳಿದ್ದೆ. ನನಗೆ ಇಂಥದ್ದೇ ತೋಚುವುದು.

"ತನ್ನ ಹರಕಲು ಬಿಟ್ಟು ಇನ್ನೊಬ್ಬರ ಹರಕಲಿಗೆ ಆಸೆ ಪಡೋರು ಯಾರೇ?" ಎಂದು ನಕ್ಕಿದ್ದಳು.

ಆ ಬದಲಿ ಚೀಲಗಳೆಲ್ಲ ಹಳೆಯ ಪರದೆಗಳಿಂದ ಅವಳೇ ಹೊಲಿದವು, ದೊಡ್ಡ ದೊಡ್ಡ ಹೂವಿನವು. ಊರಿನ ಯಾವುದೋ ಆಫೀಸಿನ ಲಿಫ್ಟಿನಲ್ಲಿ ಗಂಭೀರವಾಗಿ ನಿಂತ ಗಂಡಸಿನ ಕೈಯಲ್ಲಿ ಕೆಂಪು ಹೂವಿನ ಚೀಲ ಕಂಡರೆ, ಪಕ್ಕದವರು "ನಿಮ್ಮದೂ ಹೋಯ್ತಾ?" ಎಂದು ವಿಚಾರಿಸುತ್ತಿದ್ದರಂತೆ.

ಅವಳು ಹದಿನಾರನೇ ವಯಸ್ಸಿಗೆ ಚೀಲದ ಕಾರ್ಖಾನೆ ಸೇರಿ ಜಿಪ್ಪಿನ ಮೇಜಿನಲ್ಲಿ ಕೂತವಳು. ಕಾರ್ಖಾನೆ ಬೇರೆ ಊರಿಗೆ ಹೋಯಿತು. ಗುಜರಿಗೆ ಹಾಕಲಿದ್ದ ಒಂದು ಮೆಷಿನನ್ನು ಕೇಳಿ ಇಸಕೊಂಡು, ಕೈಗಾಡಿಯಲ್ಲಿ ತಳ್ಳಿಕೊಂಡು ಈ ಮೆಟ್ಟಿಲ ಕೆಳಗೆ ತಂದಿಟ್ಟಳು. ಗಂಡ ಒಬ್ಬ ಇದ್ದ. ಒಂದು ಬೆಳಿಗ್ಗೆ ಬಸ್ ಹತ್ತಿದವನು ವಾಪಸ್ ಬರಲಿಲ್ಲ. "ಅವನು ಹೋದ ಬಸ್ಸಿಗೆ ಮಾತ್ರ ನಾನು ಮೊಳೆ ಹೊಡೆದಿಲ್ಲ" ಅನ್ನುತ್ತಾಳೆ. ಮಗಳನ್ನು ಈ ಸಂದಿಯಲ್ಲೇ ಕೂರಿಸಿ ಓದಿಸಿದಳು. ಆ ಹುಡುಗಿ ಈಗ ಬೇರೊಂದು ಊರಿನ ಆಸ್ಪತ್ರೆಯಲ್ಲಿ ನರ್ಸು.

ನನಗೆ ಅವಳ ಗುರುತಾಗಿದ್ದು ಒಂದು ಜ್ವರದ ದಿನ. ನನ್ನ ಮಗಳು ಪುಟ್ಟಿಗೆ ಆಗ ಒಂದೂವರೆ ವರ್ಷ. ಮೈ ಬಿಸಿಯಾಗಿದೆ ಅನ್ನಿಸಿ ಎತ್ತಿಕೊಂಡು ಹೊರಟಿದ್ದೆ. ಥರ್ಮಾಮೀಟರ್, ಔಷಧಿ, ಡಾಕ್ಟರ ಚೀಟಿ ಎಲ್ಲ ಇದ್ದ ಚೀಲದ ಜಿಪ್ಪು ನಿಲ್ದಾಣದಲ್ಲೇ ಕಚ್ಚಿಕೊಂಡಿತು. ಎಳೆದೆ, ಜಗ್ಗಿದೆ, ಹಲ್ಲಿನಿಂದ ಕಚ್ಚಿದೆ, ಕೊನೆಗೆ ಎಲ್ಲರೆದುರೇ ಅಳುತ್ತಾ ನಿಂತೆ. ಮೆಟ್ಟಿಲ ಕೆಳಗಿನಿಂದ ಒಂದು ಕೈ ಬಂದು ಚೀಲ ಕಿತ್ತುಕೊಂಡಿತು. ಮೇಣದಬತ್ತಿಯ ತುಂಡಿನಿಂದ ಹಲ್ಲುಗಳ ಮೇಲೆ ಎರಡು ಸಲ ಉಜ್ಜಿ, ಸರ್‍ರೆಂದು ತೆಗೆದು, ಇನ್ನೊಂದು ಕೈಯನ್ನು ಪುಟ್ಟಿಯ ಕತ್ತಿನ ಹಿಂದೆ ಇಟ್ಟು ನೋಡಿ ಹೇಳಿದಳು, "ಮಗುಗೇನೂ ಇಲ್ಲ. ಜ್ವರ ಬಂದಿರೋದು ನಿನಗೆ. ಕೂತ್ಕೋ."

ಅವತ್ತಿನಿಂದ ದಿನಾ ಕೂರುತ್ತಿದ್ದೆ. ನನಗೆ ಪ್ರತಿಯೊಂದಕ್ಕೂ ಹೆದರಿಕೆ. ಪುಟ್ಟಿ ರನ್ನರ್ ನುಂಗಿಬಿಟ್ಟರೆ? ದಬ್ಬಳ ಚುಚ್ಚಿಕೊಂಡರೆ? ಬಸ್ಸಿನ ಹೊಗೆ ಶ್ವಾಸಕೋಶಕ್ಕೆ ಹೋದರೆ? ಜಿಪ್ಪಕ್ಕ ಪುಟ್ಟಿಯ ಸೊಂಟಕ್ಕೆ ಒಂದು ದಾರ ಕಟ್ಟಿ ಅದರ ತುದಿಯನ್ನು ನನ್ನ ಕೈಗೆ ಕೊಟ್ಟು, "ತಗೋ ಪುಟ್ಟಿ ಅಮ್ಮ, ಈ ಜಿಪ್ಪು ನೀನೇ ಹಿಡ್ಕೊಂಡಿರು" ಅಂದಳು. ಪಕ್ಕದಲ್ಲಿ ಗಾಲಿಯ ಡಬ್ಬದಂಗಡಿ ಇಟ್ಟುಕೊಂಡು ಬೀಗದ ಕೈ ಮಾಡಿಕೊಡುವ ಬೀಗದಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ.

ಅವಳಿಗೆ ಆ ಜಾಗದಲ್ಲಿ ಬೇಕಾಗಿದ್ದು ಎರಡೇ. ಮೆಟ್ಟಿಲ ಸಂದಿಯಿಂದ ಮಳೆನೀರೂ ಜನರ ಕಾಲಿನ ಧೂಳೂ ತಲೆಯ ಮೇಲೆ ಬೀಳದ ಹಾಗೆ ಒಂದು ತಗಡು. ಸಂಜೆ ಕಪ್ಪು ಚೀಲಕ್ಕೆ ಕಪ್ಪು ದಾರ ಹಾಕುವಾಗ ಕಾಣಲು ಒಂದು ಬಲ್ಬು. ಇಷ್ಟೇ. ಇದನ್ನು ನೆನಪಿಟ್ಟುಕೊಳ್ಳಿ.

ಕಳೆದ ವರ್ಷ ಯೋಜನೆ ಬಂತು. ಅತಿ ಸಣ್ಣ ಉದ್ಯಮಗಳಿಗೆ ಆಸರೆ, ಆ ಮೂಲಕ ನೆರೆಹೊರೆಯ ಆರ್ಥಿಕ ಅಭಿವೃದ್ಧಿ. ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡ ಒಬ್ಬ ಯುವ ಅಧಿಕಾರಿ ಬಂದು ಎಲ್ಲರಿಗೂ ಅರ್ಜಿ ಹಂಚಿದ. ಮಾತು ಬೆಣ್ಣೆ. ಪ್ರತಿ ವಾಕ್ಯದ ಕೊನೆಗೂ "ನಿಮ್ಮ ಒಳ್ಳೇದಕ್ಕೇ" ಎಂದು ಸೇರಿಸುತ್ತಿದ್ದ. ಬೀಗದಣ್ಣ ಅವನಿಗೆ ಪದಕದ ಸಾಹೇಬ ಎಂದು ಹೆಸರಿಟ್ಟ.

"ನೀವೂ ಅರ್ಜಿ ಹಾಕಿ ಅಣ್ಣ" ಎಂದೆ ನಾನು.

"ನನಗೆ ಯಾಕಮ್ಮಾ? ನನ್ನದು ಗಾಲಿ ಮೇಲಿರೋ ಅಂಗಡಿ. ಅಭಿವೃದ್ಧಿ ಬಂದರೆ ಸ್ವಲ್ಪ ಮುಂದಕ್ಕೆ ತಳ್ಕೊಂಡು ಹೋಗ್ತೀನಿ."

ಜಿಪ್ಪಕ್ಕನ ಅರ್ಜಿಯನ್ನು ನಾನೇ ಕೂತು ತುಂಬಿದೆ. ದೊಡ್ಡ ಶಾಲೆಯಲ್ಲಿ ಓದಿದವಳು, ಅಕ್ಷರ ದುಂಡಗೆ, ಫಾರಂ ತುಂಬುವುದೆಂದರೆ ನನಗೆ ಒಂದು ಥರದ ಹುಮ್ಮಸ್ಸು. ಹೆಸರು, ಕಸುಬು, ಎಷ್ಟು ವರ್ಷದಿಂದ. ತಗಡು ಮತ್ತು ಬಲ್ಬು ಕೇಳಲು ಯಾವ ಕಾಲಮ್ಮೂ ಇರಲಿಲ್ಲ. ಹದಿನಾಲ್ಕನೆಯದು: ಈಗ ಕೆಲಸ ಮಾಡುತ್ತಿರುವ ಜಾಗಕ್ಕೆ ಅನುಮತಿ ಇದೆಯೇ?

"ಇದೆ ಅಂತ ಬರಿ" ಎಂದಳು ಜಿಪ್ಪಕ್ಕ. ರನ್ನರ್ ಡಬ್ಬಿಯ ತಳದಿಂದ ಒಂದು ತಗಡಿನ ಬಿಲ್ಲೆ ತೆಗೆದಳು. ಅಂಗೈಯಷ್ಟು ಅಗಲ, ಮೇಲೆ ನಗರಸಭೆಯ ಮುದ್ರೆ, ನಲವತ್ತಮೂರು ಎಂಬ ಅಂಕಿ. "ಮೊದಲನೇ ವರ್ಷವೇ ಕೊಟ್ಟಿದ್ದು. ಆವಾಗ ಬಂದಿದ್ದ ಸಾಹೇಬರು ತಾವೇ ಅಳತೆ ಹಿಡಿದು ಕೊಟ್ಟರು."

ನಾನು ಪೆನ್ನು ಎತ್ತಿ ಹಿಡಿದೆ. ಆ ಕ್ಷಣ ನನಗೆ ಚೆನ್ನಾಗಿ ನೆನಪಿದೆ. "ಅಕ್ಕಾ, ಇದೆ ಅಂತ ಬರೆದರೆ ಇವರಿಗೆ ಜಾಗ ಇದೆ, ಸಹಾಯ ಬೇಡ ಅಂತ ಪಕ್ಕಕ್ಕೆ ಎಸೀತಾರೆ. ಇಂಥ ಅರ್ಜಿಗಳಲ್ಲಿ ಏನೂ ಇಲ್ಲ ಅಂತ ಬರೆದವರಿಗೇ ಮೊದಲು ಸಿಗೋದು."

"ಇರೋದನ್ನ ಇಲ್ಲ ಅನ್ನೋದಾ?"

"ಸುಮ್ಮನೆ ಒಂದು ಮಾತು ಅಕ್ಕಾ. ಯಾರು ನೋಡ್ತಾರೆ?"

ಅವಳು ಬಿಲ್ಲೆಯನ್ನು ಸೆರಗಿನಿಂದ ಒರೆಸಿ ಮತ್ತೆ ಡಬ್ಬಿಗೆ ಹಾಕಿದಳು. "ಓದಿದವಳು ನೀನು. ನಿನಗೆ ಗೊತ್ತಿರುತ್ತೆ."

ನಾನು ದುಂಡಗೆ ಬರೆದೆ: ಇಲ್ಲ. ರಸ್ತೆ ಬದಿ, ತಾತ್ಕಾಲಿಕ.

ಶಾಲೆಯಲ್ಲಿ ವಿದ್ಯಾರ್ಥಿವೇತನದ ಅರ್ಜಿಗೂ ಅಪ್ಪ ಹೀಗೇ ಬರೆಸಿದ್ದರು. ಬಾಡಿಗೆ ಕರಾರಿಗೂ, ಆಸ್ಪತ್ರೆಯ ರಿಯಾಯಿತಿಗೂ ಹೀಗೇ. ನಮ್ಮಂಥ ಮನೆಗಳಲ್ಲಿ ಇದನ್ನು ಸುಳ್ಳು ಅನ್ನುವುದಿಲ್ಲ, ತಿಳಿವಳಿಕೆ ಅನ್ನುತ್ತೇವೆ. ಅರ್ಜಿಯ ಮುಂದೆ ಬಡವರಾಗಿ ನಿಲ್ಲುವುದನ್ನು ಕಲಿತಿದ್ದೇವೆ. ಜಿಪ್ಪಕ್ಕನಿಗೆ ಆ ಅಭ್ಯಾಸ ಇರಲಿಲ್ಲ. ಅವಳ ಜಾಗವನ್ನು ಅವಳ ಕಣ್ಣೆದುರೇ ನಾಲ್ಕು ಪದದಲ್ಲಿ ಅಳಿಸಿ, ಕೆಳಗೆ ಅವಳ ಹೆಬ್ಬೆಟ್ಟಲ್ಲ, ಸಹಿಯನ್ನೇ ಹಾಕಿಸಿಕೊಂಡೆ. ಅವಳಿಗೆ ಓದಲು ಬರುತ್ತದೆ. ಓದದೆ ಸಹಿ ಮಾಡಿದಳು, ಬರೆದವಳು ನಾನೆಂದು.

ಅರ್ಜಿ ಮಂಜೂರಾಯಿತು. ಬೀದಿಗೆಲ್ಲ ನಾನು ಸುದ್ದಿ ಹೇಳಿಕೊಂಡು ಬಂದೆ. ನಾಚಿಕೆಯಾಗಬೇಕು.

ಸಿಕ್ಕಿದ್ದು ತಗಡಲ್ಲ, ಬಲ್ಬಲ್ಲ. ನಿಲ್ದಾಣದಿಂದ ಮೂರು ಬೀದಿ ಆಚೆ ಹೊಸದಾಗಿ ಕಟ್ಟಿದ ಕಿರು ಉದ್ಯಮಿಗಳ ಸಂಕೀರ್ಣದಲ್ಲಿ, ಎರಡನೇ ಮಹಡಿಯ ಇಪ್ಪತ್ತೇಳನೇ ಅಂಗಡಿ. ಗಾಜಿನ ಬಾಗಿಲು, ನೆಲಕ್ಕೂ ಗೋಡೆಗೂ ಬಿಳಿ ಟೈಲ್ಸು. ಕಟ್ಟಡದ ಗೇಟು ತೆಗೆಯುವುದು ಹತ್ತು ಗಂಟೆಗೆ. ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಹಂಚಿಕೆ ಪತ್ರದ ಹಿಂದೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು: ಮೂರು ತಿಂಗಳು ಕಳೆದ ಮೇಲೆ ಹಳೆಯ ಜಾಗದ ಬಗ್ಗೆ ಯಾವ ತಕರಾರನ್ನೂ ಕೇಳಲಾಗುವುದಿಲ್ಲ.

ಇದು ಹೆಚ್ಚುವರಿ ಅಂಗಡಿ ಎಂದೇ ನಾವು ತಿಳಿದಿದ್ದೆವು. ಬೆಳಿಗ್ಗೆ, ಸಂಜೆ ಮೆಟ್ಟಿಲ ಕೆಳಗೆ, ನಡುವೆ ಹೊಸ ಅಂಗಡಿಯಲ್ಲಿ. ಅವಳು ಮೆಷಿನನ್ನು ಅಲ್ಲಿಗೆ ಸಾಗಿಸಿದ ನಾಲ್ಕನೇ ದಿನ ಕೆಲಸಗಾರರು ಬಂದು ಮೆಟ್ಟಿಲ ಕೆಳಗಿನ ಸಂದನ್ನು ಪ್ಲೈವುಡ್ ಹೊಡೆದು ಮುಚ್ಚಿದರು. ಅದರ ಮೇಲೆ ಬೋರ್ಡು ನಿಲ್ಲಿಸಿದರು. 'ನಿಮ್ಮ ನೆರೆಯ ಕಿರು ಉದ್ಯಮವನ್ನು ಬೆಂಬಲಿಸಿ.' ಕೆಳಗೆ ಬಲಗೈಯಲ್ಲಿ ಇಕ್ಕಳ ಹಿಡಿದ ಜಿಪ್ಪಕ್ಕ, ನಿಜದ ಅವಳಿಗಿಂತ ಒಂದೆರಡು ಗೇಣು ಎತ್ತರ. ಇಪ್ಪತ್ತೆರಡು ಮೊಳೆಗಳೂ ಅದರ ಹಿಂದೆ ಕತ್ತಲಲ್ಲಿ.

ಪದಕದ ಸಾಹೇಬನಿಗೆ ಫೋನ್ ಮಾಡಿದೆ. "ಮೇಡಂ, ಅದು ತಾತ್ಕಾಲಿಕ ಜಾಗ ಅಂತ ನೀವೇ ಬರೆದುಕೊಟ್ಟಿದ್ದೀರಲ್ಲ. ಅನುಮತಿ ಇಲ್ಲದೋರನ್ನ ಒಳ್ಳೆ ಜಾಗಕ್ಕೆ ಸೇರಿಸೋದೇ ಯೋಜನೆ. ಅವರ ಒಳ್ಳೇದಕ್ಕೇ."

ಅದಾದ ಮೇಲೆ ನಾನು ಏನು ಮಾಡಿದೆ? ಏನೂ ಇಲ್ಲ. ಅವಳ ಮುಖ ನೋಡಲು ಹೆದರಿ, ಎರಡು ತಿಂಗಳಿಗೂ ಮೇಲೆ ಆ ಕಡೆ ತಲೆ ಹಾಕಲಿಲ್ಲ. ಪುಟ್ಟಿಯನ್ನು ಶಿಶುವಿಹಾರಕ್ಕೆ ಸೇರಿಸಿದೆ. ಅವಳ ಪುಟ್ಟ ಚೀಲದ ಜಿಪ್ಪು ಹೋಯಿತು. ಮೂರು ಬೀದಿ ನಡೆದು, ಎರಡು ಮಹಡಿ ಹತ್ತಿ ಹೋಗುವ ಬದಲು ಫೋನಿನಲ್ಲಿ ಬೆರಳಾಡಿಸಿ ಹೊಸ ಚೀಲ ತರಿಸಿದೆ. ನಾನೊಬ್ಬಳೇ ಅಲ್ಲ, ಬೀದಿಯವರೆಲ್ಲ ಹೀಗೇ. "ಪಾಪ ಜಿಪ್ಪಕ್ಕ" ಎಂದು ಬಾಯಲ್ಲಿ ಅನ್ನುತ್ತಾ ಕೈಯಲ್ಲಿ ಹೊಸ ಚೀಲ ಹಿಡಿದುಕೊಂಡು ಬಸ್ಸು ಹತ್ತಿದೆವು. ಮೊದಲೆಲ್ಲ ಸಂಜೆ ಅವಳ ಮುಂದೆ ಕಾಯುತ್ತಾ ನಿಂತವರು ಬೀಗದ ಕೈ ಮಾಡಿಸುತ್ತಿದ್ದರು, ಪಕ್ಕದ ಗೂಡಂಗಡಿಯಲ್ಲಿ ಟೀ ಕುಡಿಯುತ್ತಿದ್ದರು, ಮಕ್ಕಳಿಗೆ ಬಾಳೆಹಣ್ಣು ಕೊಳ್ಳುತ್ತಿದ್ದರು. ಈಗ ಬಸ್ಸಿಳಿದವರು ನೇರ ಮನೆಗೆ. ಟೀ ಅಂಗಡಿಯ ಹೆಂಗಸು ಸಂಜೆಯ ಪಾತ್ರೆ ಚಿಕ್ಕದು ಮಾಡಿದಳು. ಬೀಗದಣ್ಣನ ಅರದ ಸದ್ದು ಕೇಳುವುದೇ ಅಪರೂಪವಾಯಿತು. ಒಬ್ಬಳನ್ನು ಉದ್ಧಾರ ಮಾಡಲು ಹೋಗಿ ಇಡೀ ಮೂಲೆಯ ಹೊಟ್ಟೆಯ ಮೇಲೆ ಹೊಡೆದಿದ್ದರು. ನೆರೆಹೊರೆಯ ಆರ್ಥಿಕ ಅಭಿವೃದ್ಧಿಯಂತೆ!

ಒಂದು ಮಧ್ಯಾಹ್ನ ಬೀಗದಣ್ಣ ನನ್ನನ್ನು ರಸ್ತೆಯಲ್ಲೇ ತಡೆದ. "ಅಮ್ಮಾ, ಜಿಪ್ಪಕ್ಕ ಮಗಳ ಊರಿಗೆ ಹೋಗಿಬಿಡ್ತಾಳಂತೆ. ಮೆಷಿನ್ ತೂಕಕ್ಕೆ ಹಾಕ್ತೀನಿ ಅಂತಿದಾಳೆ. ನೀನು ಒಂದು ಸಲ ಹೋಗಿ ಮುಖ ತೋರಿಸು."

ಪುಟ್ಟಿಯನ್ನು ಎಳೆದುಕೊಂಡು ಹೋದೆ. ಎರಡನೇ ಮಹಡಿಯ ಉದ್ದ ಓಣಿಯಲ್ಲಿ ಗಾಜಿನ ಪೆಟ್ಟಿಗೆಗಳೊಳಗೆ ಛತ್ರಿ ರಿಪೇರಿಯವನು, ಗಡಿಯಾರದವನು, ಬುಟ್ಟಿ ಹೆಣೆಯುವವಳು, ಎಲ್ಲರೂ ಒಬ್ಬರನ್ನೊಬ್ಬರು ನೋಡುತ್ತಾ ಕೂತಿದ್ದರು. ಜಿಪ್ಪಕ್ಕನ ಬೆನ್ನ ಹಿಂದೆ ಬಿಳೀ ಗೋಡೆ. ಚೀಲಗಳೆಲ್ಲ ನೆಲದ ಮೇಲೆ ರಾಶಿ. ರಾಶಿ ಅಂದರೆ ಮೂರು.

"ಬಾ ಪುಟ್ಟಿ ಅಮ್ಮ. ಈ ತಿಂಗಳು ನಂದು ಭರ್ಜರಿ ವ್ಯಾಪಾರ. ಇಪ್ಪತ್ತಾರನೇ ಅಂಗಡಿಯೋನು ಜಿಪ್ಪು ಹಾಕಿಸ್ಕೊಂಡ, ನಾನು ಅವನ ಹತ್ರ ಛತ್ರಿ ಮಾಡಿಸ್ಕೊಂಡೆ. ಹೊರಗಡೆಯಿಂದ ಬಂದ ಮೊದಲನೇ ಗಿರಾಕಿ ನೀನೇ."

ಅಷ್ಟರಲ್ಲಿ ಪುಟ್ಟಿ ಬೆನ್ನು ತಿರುಗಿಸಿ ನಿಂತಳು. "ಜಿಪ್ಪಜ್ಜೀ, ನನ್ನ ಹೊಸಾ ಬ್ಯಾಗು! ಫೋನಿಂದ ಬಂತು!"

ನೆಲ ಬಾಯಿಬಿಟ್ಟಿದ್ದರೆ ಇಳಿದುಹೋಗುತ್ತಿದ್ದೆ. ಜಿಪ್ಪಕ್ಕ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಜಿಪ್ಪನ್ನು ಒಮ್ಮೆ ಎಳೆದು ಕಿವಿಗೊಟ್ಟು ಕೇಳಿದಳು. "ಮೂರು ತಿಂಗಳು ಬರುತ್ತೆ" ಎಂದು, ಮೇಣದಬತ್ತಿಯ ತುಂಡು ತೆಗೆದು ಹಲ್ಲುಗಳ ಮೇಲೆ ಉಜ್ಜಿದಳು. "ಈಗ ಐದು ಬರುತ್ತೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅದೇ ಹೊತ್ತಿಗೆ ಪದಕದ ಸಾಹೇಬ ಓಣಿಯಲ್ಲಿ ಬಂದ. ಗಿರಾಕಿಗಳನ್ನು ಗೆಲ್ಲುವುದು ಹೇಗೆ ಎಂಬ ತರಬೇತಿಗೆ ಎಲ್ಲರನ್ನೂ ಕರೆಯುತ್ತಿದ್ದ. "ಅಮ್ಮಾ, ನೀವು ಮುಖ ಗಂಟು ಹಾಕ್ಕೊಂಡು ಕೂರಬಾರದು. ನಗುನಗ್ತಾ ಇರಬೇಕು."

"ಯಾರನ್ನ ನೋಡಿ ನಗ್ಲಿ ಸಾರ್? ಟೈಲ್ಸ್ ನೋಡಿ ನಗ್ಲಾ?"

"ಇಲ್ಲಿಗೆ ಜನ ಬರೋ ಹಾಗೆ ನೀವೇ ಮಾಡ್ಕೋಬೇಕಮ್ಮಾ."

"ಜನ ಇರೋ ಕಡೆನೇ ಇದ್ನಲ್ಲ ಸಾರ್ ನಾನು!" ಆ ಓಣಿಯಲ್ಲಿ ಅಷ್ಟು ದೊಡ್ಡ ದನಿ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ ಅನ್ನಿಸುತ್ತದೆ. ಗಾಜಿನ ಬಾಗಿಲುಗಳೆಲ್ಲ ತೆರೆದುಕೊಂಡವು. "ಏಳೂವರೆ ಬಸ್ಸು ಇಲ್ಲಿ ಬರುತ್ತಾ? ಹತ್ತು ಗಂಟೆಗೆ ಗೇಟು ತೆಗೀತೀರಿ, ನನ್ನ ಕೊನೇ ಬಸ್ಸು ಒಂಬತ್ತೂ ಮುಕ್ಕಾಲಿಗೆ ಹೋಗಿರುತ್ತೆ. ಒಂದು ತಗಡು ಕೇಳೋಣ ಅಂತಿದ್ದೆ. ಇಡೀ ಕಟ್ಟಡ ತಲೆ ಮೇಲೆ ಹಾಕಿದಿರಿ!"

ಅವನು ಕುತ್ತಿಗೆಯ ಚೀಟಿ ಸರಿಮಾಡಿಕೊಂಡು ಮುಂದಿನ ಅಂಗಡಿಗೆ ನಡೆದ.

ನಾನು ಅವಳ ಹಂಚಿಕೆ ಪತ್ರ ಕೇಳಿ ತೆಗೆದುಕೊಂಡು ಹಿಂದಿನ ಸಣ್ಣ ಅಕ್ಷರ ನೋಡಿದೆ. ಮೂರು ತಿಂಗಳಿಗೆ ಇನ್ನು ಎರಡು ದಿನ. ಎರಡು ದಿನ ಕಳೆದರೆ ಆ ಮೂರು ಮೂಲೆಯ ಸಂದು ಅವಳದಾಗಿತ್ತೆಂದು ಹೇಳಲು ಕೂಡ ಬಾಯಿರುವುದಿಲ್ಲ.

"ಅಕ್ಕಾ, ಬಿಲ್ಲೆ ಎಲ್ಲಿ?"

"ಅವತ್ತು ಬೇಡ ಅಂದಿದ್ಯಲ್ಲ."

"ಅವತ್ತು ನನ್ನ ಬುದ್ಧಿಗೆ ಮಣ್ಣು ಮೆತ್ತಿತ್ತು. ಕೊಡಿ."

ಮರುದಿನ ಬೆಳಿಗ್ಗೆ ಮೂವರೂ ಯೋಜನೆಯ ಕಚೇರಿಗೆ ಹೋದೆವು. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಹುಳ. ಸುಳ್ಳು ಬರೆದದ್ದಕ್ಕೆ ಕೇಸು ಹಾಕಿದರೆ? ಪುಟ್ಟಿಯ ಅಪ್ಪನ ಕೆಲಸಕ್ಕೆ ತೊಂದರೆಯಾದರೆ? ಅವರಿಗೆ ಹಿಂದಿನ ರಾತ್ರಿಯೇ ಹೇಳಿದ್ದೆ. "ಹೋಗಲೇಬೇಕಾ?" ಎಂದಿದ್ದರು, ಅಷ್ಟೇ. ಕಾಯುವ ಬೆಂಚಿನಲ್ಲಿ ಪುಟ್ಟಿಯ ಹಣೆ ನಾಲ್ಕು ಸಲ ಮುಟ್ಟಿ ನೋಡಿದೆ. ಜಿಪ್ಪಕ್ಕ ನನ್ನ ಕೈ ಹಿಡಿದು ಕೆಳಗಿಟ್ಟಳು. "ಮಗುನ ಬಿಡು. ಜ್ವರ ಇರೋದು ಯಾರಿಗೆ ಅಂತ ನನಗೆ ಗೊತ್ತಿದೆ."

ಪದಕದ ಸಾಹೇಬ ಬಿಲ್ಲೆಯನ್ನು ಎರಡು ಬೆರಳಿನಲ್ಲಿ ಎತ್ತಿ ನೋಡಿದ. "ಇದು ಹಳೇದು."

"ಹಳೇದು ಅಂದ್ರೆ ಹತ್ತೊಂಬತ್ತು ವರ್ಷ ಇದ್ದೀನಿ ಅಂತ" ಎಂದಳು ಜಿಪ್ಪಕ್ಕ.

"ಆದ್ರೆ ಹದಿನಾಲ್ಕನೇ ಕಾಲಮಿನಲ್ಲಿ ನಿಮ್ಮ ಸಹಿ ಇರೋ ಅರ್ಜಿ..."

"ಅದನ್ನ ಬರೆದವಳು ನಾನು" ಎಂದೆ. "ಇವರು ಇದೆ ಅಂತ ಬರಿ ಅಂದರು. ನಾನು ಇಲ್ಲ ಅಂತ ಬರೆದೆ. ಇಲ್ಲ ಅಂದವರಿಗೇ ಅಲ್ಲವಾ ನೀವು ಕೊಡೋದು? ಇರೋ ಜಾಗಕ್ಕೆ ಒಂದು ಬಲ್ಬು ಹಾಕಿಕೊಡೋಕೆ ನಿಮ್ಮ ಫಾರಮಿನಲ್ಲಿ ಒಂದು ಗೆರೆ ಇದೆಯಾ ಹೇಳಿ. ಒಂದು ಕಾಗದ ಕೊಡಿ."

ಅವನ ಮೇಜಿನ ಮೇಲೆಯೇ ಬರೆದೆ. ಅಕ್ಷರ ದುಂಡಗೆ ಬರಲಿಲ್ಲ. ಹದಿನಾಲ್ಕನೇ ಕಾಲಮಿನಲ್ಲಿ ಬರೆದದ್ದು ಸುಳ್ಳು, ಬರೆದವಳು ನಾನು, ಅರ್ಜಿದಾರಳಿಗೆ ನಲವತ್ತಮೂರನೇ ನಂಬರಿನ ಅನುಮತಿ ಇದೆ, ಆ ಜಾಗ ಅವಳಿಗೆ ವಾಪಸ್ ಸಿಗಬೇಕು. ಸಹಿ ಹಾಕಿ, ವಿಳಾಸ ಬರೆದೆ.

ಅವನು ಎರಡು ಸಲ ಓದಿದ. ಈಗ ದನಿಯಲ್ಲಿ ಬೆಣ್ಣೆ ಇರಲಿಲ್ಲ. "ಇದನ್ನ ತಗೊಂಡ್ರೆ ಏನಾಗುತ್ತೆ ಗೊತ್ತಾ? ತಪ್ಪು ಮಾಹಿತಿ ಅಂತ ಇಪ್ಪತ್ತೇಳನೇ ಅಂಗಡಿ ರದ್ದಾಗುತ್ತೆ. ಐದು ವರ್ಷ ಯಾವ ಯೋಜನೆಯಲ್ಲೂ ಹೆಸರು ಬರಲ್ಲ. ಹಳೇ ಜಾಗ ಸಿಕ್ಕೇ ಸಿಗುತ್ತೆ ಅಂತಾನೂ ಇಲ್ಲ. ಸಮಿತಿ ನೋಡಬೇಕು. ಬೋರ್ಡಂತೂ ತೆಗೆಯೋ ಹಾಗಿಲ್ಲ. ಯೋಚನೆ ಮಾಡಿ ಅಮ್ಮಾ, ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು."

ಅಂಗಡಿಯೂ ಹೋಗಿ, ಮೆಟ್ಟಿಲೂ ಸಿಗದಿದ್ದರೆ? ಕಾಗದ ವಾಪಸ್ ತೆಗೆದುಕೊಳ್ಳಲು ನನ್ನ ಕೈ ಮುಂದೆ ಹೋಗಿತ್ತು. ಸತ್ಯ ಹೇಳುತ್ತೇನೆ, ಹೋಗಿತ್ತು. ಜಿಪ್ಪಕ್ಕನ ಎಡಗೈ ಅದನ್ನು ದಾಟಿ ಹೋಯಿತು. ಸೊಂಟದಿಂದ ಇಪ್ಪತ್ತೇಳನೇ ಅಂಗಡಿಯ ಬೀಗದ ಕೈ ತೆಗೆದು ಕಾಗದದ ಮೇಲೆ ಭಾರವಾಗಿ ಇಟ್ಟಳು, ಗಾಳಿಗೆ ಹಾರದ ಹಾಗೆ.

"ರದ್ದು ಮಾಡಿ ಸಾರ್. ಈಗಲೇ ಮಾಡಿ. ಮುದ್ರೆ ಒತ್ತಿ ಇವಳಿಗೊಂದು ನಕಲು ಕೊಡಿ. ದಿನಾಂಕ ಕಾಣಬೇಕು."

ಆ ಸಂಜೆ ಛತ್ರಿಯವನೂ ಗಡಿಯಾರದವನೂ ಸೇರಿ ಮೆಷಿನನ್ನು ಎರಡು ಮಹಡಿ ಇಳಿಸಿಕೊಟ್ಟರು. ಕೈಗಾಡಿ ಬೀಗದಣ್ಣನೇ ತಂದ. ಮೆಟ್ಟಿಲ ಹತ್ತಿರ ಬಂದವನು ಬೋರ್ಡಿನ ಪಕ್ಕದ ಪ್ಲೈವುಡ್ಡಿನ ಸಣ್ಣ ಬಾಗಿಲಿಗೆ ಕಣ್ಣು ಹಾಯಿಸಿದ. "ಈ ಬೀಗ ಆಟದ ಸಾಮಾನು. ಒಂದು ತಂತಿ ಸಾಕು ನನಗೆ. ಒಳಗೆ ಹೋಗಿ ಕೂತ್ಕೊಂಡ್ಬಿಡು."

"ನನ್ನ ಅಂಗಡಿಗೆ ನಾನು ಕಳ್ಳಿ ಥರ ನುಗ್ಲಾ? ಮುಂದೆನೇ ಕೂರ್ತೀನಿ. ಎಲ್ಲರೂ ನೋಡ್ಲಿ."

ಮರುದಿನ ಬೆಳಿಗ್ಗೆ ಏಳೂ ಕಾಲಿಗೆ ನಾನು ಕೆಳಗಿಳಿದಾಗ ಸುತ್ತಿಗೆಯ ಸದ್ದು ಕೇಳಿಸುತ್ತಿತ್ತು. ಜಿಪ್ಪಕ್ಕ ಸ್ಟೂಲಿನ ಮೇಲೆ ನಿಂತು ಬೋರ್ಡಿಗೆ ಮೊಳೆ ಹೊಡೆಯುತ್ತಿದ್ದಳು. ಎಡಗೈಯಲ್ಲಿ ಸುತ್ತಿಗೆ, ತುಟಿಗಳ ನಡುವೆ ನಾಲ್ಕು ಮೊಳೆ. ಆರೂ ಮುಕ್ಕಾಲಿನ ಬಸ್ಸಿನ ಮೊಳೆ ಚಿತ್ರದ ಕಿವಿಯ ಪಕ್ಕ ಬಂದಿತ್ತು. ಏಳು ಗಂಟೆಯದು ಕೆನ್ನೆಗೆ.

"ಏಳೂವರೆ ಎಲ್ಲಿಗೆ ಬರುತ್ತೆ?" ಎಂದ ಬೀಗದಣ್ಣ.

"ಹಣೆಗೆ."

"ಹಣೆಬರಹ ಸರಿಯಾಗಿ ಬರ್ಕೋ ಮಾರಾಯ್ತಿ, ಆಮೇಲೆ ತಿದ್ದೋಕಾಗಲ್ಲ."

ನಗರಸಭೆಯ ಮೇಸ್ತ್ರಿಯೊಬ್ಬ ಸೈಕಲ್ಲಿನಿಂದ ಜಿಗಿದು ಓಡಿಬಂದ. "ಏಯ್ ಏಯ್, ಏನಮ್ಮಾ ಇದು? ಸರ್ಕಾರದ ಬೋರ್ಡು! ಯಾರನ್ನ ಕೇಳಿ ಮೊಳೆ ಹೊಡೀತಿದೀಯಾ?"

ಜಿಪ್ಪಕ್ಕ ಬಾಯಿಂದ ಮೊಳೆ ತೆಗೆದಳು. "ನನ್ನ ಮುಖಕ್ಕೆ ನಾನು ಹೊಡ್ಕೊಳ್ತಿದೀನಿ. ನಿನಗೆಲ್ಲಪ್ಪಾ ನೋವು?"

ಅವನು ಬೋರ್ಡು ನೋಡಿದ, ಅವಳನ್ನು ನೋಡಿದ, ಮತ್ತೆ ಬೋರ್ಡು ನೋಡಿದ. ನಿಲ್ದಾಣದಲ್ಲಿ ನಿಂತವರು ನಗಲು ಶುರು ಮಾಡಿದರು. "ನಾನು ಮೇಲೆ ವರದಿ ಮಾಡ್ಬೇಕಾಗುತ್ತೆ" ಎಂದು ಕಾಗದ ತೆಗೆದ. "ಮಾಡಿ" ಎಂದು ನಾನು ಮುದ್ರೆ ಬಿದ್ದ ನಕಲನ್ನು ಅವನ ಮೂಗಿನ ಹತ್ತಿರ ಹಿಡಿದೆ. "ಬಿಲ್ಲೆಯ ನಂಬರ್ ನಲವತ್ತಮೂರು. ಅದನ್ನೂ ಬರ್ಕೊಳ್ಳಿ. ಇಲ್ಲಿಗೆ ಒಂದು ತಗಡು, ಒಂದು ಬಲ್ಬು ಬೇಕು ಅಂತಾನೂ ಬರ್ಕೊಳ್ಳಿ." ಪುಟ್ಟಿ ನನ್ನ ಕಾಲಿಗೆ ಅಂಟಿಕೊಂಡಿದ್ದಳು. ನಾನು ಅವಳ ಹಣೆ ಮುಟ್ಟಿ ನೋಡಿರಲಿಲ್ಲ. ಅದು ನೆನಪಾಗಿದ್ದೂ ಆಮೇಲೆ.

ಸಮಿತಿ ಇನ್ನೂ ಸೇರಿಲ್ಲ. ಪರಿಶೀಲನೆಯಲ್ಲಿದೆ ಎಂಬ ಒಂದು ಸಾಲಿನ ಉತ್ತರ ಎರಡು ಸಲ ಬಂದಿದೆ. ಜಿಪ್ಪಕ್ಕ ಬಯಲಲ್ಲಿ, ಇಪ್ಪತ್ತಾರನೇ ಅಂಗಡಿಯವನು ಕೊಟ್ಟ ದೊಡ್ಡ ಛತ್ರಿಯ ಕೆಳಗೆ ಕೂರುತ್ತಾಳೆ. ಮಳೆ ಬಂದರೆ ಮೊದಲಿಗಿಂತ ಹೆಚ್ಚು ನೆನೆಯುತ್ತಾಳೆ. ನನ್ನ ಸಿಟ್ಟು ಇಳಿದಿಲ್ಲ, ಇಳಿಯಲು ಬಿಡುವುದೂ ಇಲ್ಲ. ಪ್ರತಿ ಸೋಮವಾರ ಆ ನಕಲು ಹಿಡಿದು ಕಚೇರಿಗೆ ಹೋಗುತ್ತೇನೆ.

ಆದರೆ ಆ ಬೆಳಿಗ್ಗೆಯದು ಹೇಳಿ ಮುಗಿಸುತ್ತೇನೆ. ಮೇಸ್ತ್ರಿ ಇನ್ನೂ ಬರೆದುಕೊಳ್ಳುತ್ತಿರುವಾಗಲೇ ಏಳೂವರೆ ಬಸ್ಸು ತಿರುವಿನಲ್ಲಿ ಕಾಣಿಸಿತು. ಒಬ್ಬ ಹೆಂಗಸು ಮೇಲ್ಸೇತುವೆಯ ಮೆಟ್ಟಿಲನ್ನು ದಡದಡ ಇಳಿದು ಬಂದಳು. ಬಾಯ್ಬಿಟ್ಟ ಕಂದು ಚೀಲವನ್ನು ಎದೆಗೆ ಒತ್ತಿಕೊಂಡಿದ್ದಳು. ಎಲ್ಲಿ ಹೋಗಿದ್ದಿರಿ, ಯಾವಾಗ ಬಂದಿರಿ ಎಂದು ಒಂದು ಮಾತೂ ಕೇಳಲಿಲ್ಲ. ಹೂವಿನ ಚೀಲಕ್ಕೆ ತನ್ನ ಸಾಮಾನೆಲ್ಲ ಸುರಿದುಕೊಂಡು, ಕಂದು ಚೀಲವನ್ನು ಜಿಪ್ಪಕ್ಕನ ಕಡೆ ಎಸೆದು, "ಏಳೂವರೆ!" ಎಂದು ಕೂಗಿ ಬಸ್ಸು ಹತ್ತಿದಳು. ಜಿಪ್ಪಕ್ಕ ಅದನ್ನು ಬೋರ್ಡಿನ ಹಣೆಯ ಮೊಳೆಗೆ ನೇತುಹಾಕಿದಳು. ಏಳೂ ಐವತ್ತಕ್ಕೆ ಇನ್ನೊಂದು ಬಂತು. ಎಂಟೂ ಹತ್ತಕ್ಕೆ ಒಟ್ಟಿಗೇ ಎರಡು ಬಂದವು. ಅವು ನೇತಾಡಿದ ಮೇಲೆ ಬೋರ್ಡಿನಲ್ಲಿ ಆ ಬಲಗೈ ಕಾಣಿಸಲಿಲ್ಲ.